ಕುರುಡುಮಲೆ ಕೆರೆಯಲ್ಲಿ ಪ್ಯಾರಿಸ್ಸಿನ ಗಣಪ

ನಾನು ಡ್ರಾಯಿಂಗ್ ಕಲಿಸಿದ ಮುನಿಯಪ್ಪ ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗಿ, ಆಕಾರಗಳನ್ನು ಒಡೆದು ಜೋಡಿಸುವ ಕ್ಯೂಬಿಸಂ ಕಲಿತು ಬಂದಿದ್ದಾನೆ. ಅವನನ್ನು ನೋಡಲು ಇಂದು ಕುರುಡುಮಲೆಗೆ ಬಂದೆ. ಪ್ಯಾರಿಸ್ ನಾನು ಆಸೆಪಟ್ಟೂ ಹೋಗಲಾಗದೆ ಉಳಿದ ಊರು. ಅಲ್ಲಿ ಅವನು ಬರೆದ ನಮ್ಮ ಗಣಪನ ಚಿತ್ರ ಅವನ ಮನೆಯ ಜಗುಲಿಯ ಮೇಲಿತ್ತು: ಸೊಂಡಿಲು ಮೂರು ತುಂಡು, ಕಿವಿಗಳು ಚೌಕ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಹೊಟ್ಟೆ ಉರಿಯಿತು.

ಅವನು ಸ್ನಾನಕ್ಕೆ ಹೋದಾಗ ಅವನ ತಾಯಿ ಕೇಳಿದಳು, "ಮೇಷ್ಟ್ರೇ, ಇದನ್ನ ದೇವ್ರ ಮನೇಲಿ ಇಡಬೋದಾ?"

"ಸೊಂಡಿಲು ಮುರಿದು ಭಿನ್ನವಾಗಿದೆ ಕಣಮ್ಮಾ. ನೀರಿಗೆ ಬಿಡ್ಬೇಕು," ಎಂದೆ.

ಆಕೆ ಕೈಮುಗಿದು, ಚಿತ್ರವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ನಾಚಿಕೆಯಾಗಿ ಹಿಂದೆಯೇ ಓಡಿದೆ. ಅಷ್ಟರಲ್ಲಿ ಗಣಪ ಕೆರೆಯಲ್ಲಿ ತೇಲುತ್ತಿದ್ದ.

"ಸುಳ್ಳು ಹೇಳ್ದೆ ತಾಯಿ, ಹೊಟ್ಟೆಕಿಚ್ಚಿಗೆ!" ಎನ್ನುತ್ತ ನೀರಿಗಿಳಿದೆ.

ಆಕೆ ನನ್ನ ಪಂಚೆ ಹಿಡಿದೆಳೆದಳು. "ಬಿಟ್ಟ ದೇವ್ರನ್ನ ಮತ್ತೆ ಎತ್ತಬಾರ್ದು ಮೇಷ್ಟ್ರೇ. ನಡೀರಿ, ಅವ್ನಿಗೆ ನೀವೇ ಹೇಳಿ."