ಚಂದ್ರನಿಗೊಂದು ಹಿಡಿ ಜೋಳ

ಹೋದ ವಾರ ಅಟ್ಟದ ಮೇಲಿನ ಡಬ್ಬಿಯ ಮುಚ್ಚಳ ತೆಗೆದಾಗ ಬೂದಿಯ ಜೊತೆ ಒಣ ಬೇವಿನ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಬಿತ್ತನೆಯ ಬಿಳಿಜೋಳ. ಕೂಡ್ಲಿಗಿಯ ನಮ್ಮ ಎದುರುಮನೆಯ ದೊಡ್ಡವ್ವ ಬಂದು ನಿಂತಂತಾಯಿತು...

ಬಂಧುವಲ್ಲ, ಬಳಗವಲ್ಲ, ಓಣಿಗೆಲ್ಲ ದೊಡ್ಡವ್ವ. ಪ್ರತಿವರ್ಷ ತನ್ನ ಹೊಲದ ದಪ್ಪ ತೆನೆಗಳನ್ನು ತಾನೇ ಆರಿಸಿ ಬೀಜಕ್ಕಿಡುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟರೆ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆ ಆ ಜೋಳವೂ ಒಂದು ಹಿಡಿ ಬೀಳಲೇಬೇಕು. ನನ್ನ ಮಗಳು ಹಡಗಲಿಗೆ ಹೊರಟಾಗ, ನಮ್ಮೂರಲ್ಲೇನು ಜೋಳಕ್ಕೆ ಬರವೇ ಎಂದು ಬೀಗರು ನಕ್ಕಿದ್ದರು. ಹೋದ ಕಡೆ ನಮ್ಮದೂ ಒಂದು ಬೇರು ಬಿಡಲಿ ಎಂದಷ್ಟೇ ಹೇಳಿ ದೊಡ್ಡವ್ವ ಸೆರಗು ಕೊಡವಿದ್ದಳು.

ನಮ್ಮ ದೇಶದ ನೌಕೆ ಚಂದ್ರನ ಮೇಲಿಳಿದ ಸಂಜೆ ಓಣಿಯೆಲ್ಲ ನಮ್ಮ ಟಿವಿ ಮುಂದೆ ಕೂತಿತ್ತು. ಚಪ್ಪಾಳೆ ನಿಂತ ಮೇಲೆ, ಅದರಲ್ಲಿ ಯಾರು ಹೋಗಿದ್ದಾರೆ ಎಂದು ದೊಡ್ಡವ್ವ ಕೇಳಿದಳು. ಈಗ ಯಾರೂ ಇಲ್ಲ, ಮುಂದೆ ಮನುಷ್ಯರು ಹೋಗಿ ಅಲ್ಲೇ ಮನೆ ಮಾಡುವ ಮಾತಿದೆ ಎಂದೆ. ಮೊಬೈಲಿನಲ್ಲಿ, ಬಲು ದೂರದಿಂದ ತೆಗೆದ ಭೂಮಿಯ ಚಿತ್ರ ತೋರಿಸಿದೆ. ಕಪ್ಪಿನಲ್ಲಿ ಒಂದು ಚುಕ್ಕೆ. ಅವಳು ಅದನ್ನು ಸೆರಗಿನಿಂದ ಒರೆಸಿದಳು.

"ಅದು ಧೂಳಲ್ಲ, ದೊಡ್ಡವ್ವ. ನಾವಿರೋ ಭೂಮಿ."

ಒರೆಸುತ್ತಿದ್ದ ಕೈ ಹಾಗೇ ನಿಂತಿತು.

"ನಮ್ಮ ಹೊಲಾನೂ ಇದ್ರಾಗ ಐತೇನು?"

ಎಲ್ಲವೂ ಇದೆ, ಹರಪನಹಳ್ಳಿಯ ನಿನ್ನ ತವರೂ ಇದೆ ಎಂದೆ. ಎಷ್ಟೋ ಹೊತ್ತು ಕಣ್ಣು ಕೀಳದೆ ನೋಡಿದಳು. ನಾನು ಹಿಂದೆ ಎಷ್ಟೋ ಸಲ ಕಂಡಿದ್ದ ಚಿತ್ರವೇ ಅದು. ಅಂದು ಮಾತ್ರ ನನಗೂ ಮೈ ಜುಮ್ಮೆಂದಿತು.

ಎದ್ದು ಮನೆಗೆ ಹೋದವಳು ಈ ಡಬ್ಬಿ ಹಿಡಿದು ಬಂದು, ಚಂದ್ರನಿಗೆ ಹೋಗುವವರ ಉಡಿಗೆ ಎಂದು ನನ್ನ ಕೈಗಿಟ್ಟಳು. ಅಂಗಳದ ಮೇಲೆ ಅರ್ಧ ಚಂದ್ರನಿದ್ದ. ಅಲ್ಲಿ ಗಾಳಿಯೇ ಇಲ್ಲ, ಜೋಳ ಹೇಗೆ ಬಂದೀತು ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಹೋಗೋರು ಬರೇ ಉಡೀಲೆ ಹೋಗಬಾರ್ದವ್ವ. ಅಷ್ಟು ಸಣ್ಣ ಊರಿಂದ ಹೊಂಟಾರ, ನಮ್ಮದಂತ ಏನಾರ ಒಯ್ಯಬೇಕಲ್ಲ."

ಬೀಜ ಸುಮ್ಮನೆ ಕೂತರೆ ಸಾಯುತ್ತದೆ ಎಂದು ಪ್ರತಿ ಸುಗ್ಗಿಗೂ ಬಂದು ಡಬ್ಬಿಗೆ ಹೊಸ ಜೋಳ ತುಂಬುತ್ತಿದ್ದಳು. ಮಂದಿ ಹೊರಟರೇನು ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎನ್ನುತ್ತಿದ್ದೆ... ಹೋದ ವರ್ಷ ಅವಳೇ ಹೊರಟುಬಿಟ್ಟಳು.

ಜೀವ ಹೋಗಿದೆಯೋ ಏನೋ ಎಂಬ ಅಳುಕಿನಲ್ಲೇ ಆ ಜೋಳವನ್ನು ಹಿತ್ತಲಲ್ಲಿ ಬಿತ್ತಿದ್ದೆ. ಇಂದು ಬೆಳಿಗ್ಗೆ ಹಸಿರು ಮೊಳಕೆಗಳು ಕಂಡವು. ಹೇಳೋಣವೆಂದು ಓಡಿಬಂದು ಎದುರುಮನೆಯ ಕಟ್ಟೆ ನೋಡಿದೆ. ಕಟ್ಟೆ ಖಾಲಿ. ಅಲ್ಲೇ ನಿಂತು ಅತ್ತುಬಿಟ್ಟೆ. ಚಂದ್ರನಿಗೆ ಹೋಗುವವರು ಎಲ್ಲಿದ್ದಾರೋ, ಇನ್ನೂ ಹುಟ್ಟಬೇಕೋ. ಅವರ ಉಡಿಯ ಜೋಳ ಬದುಕಿದೆ, ದೊಡ್ಡವ್ವ.