ಕೆಳಗಿಳಿಯುವ ಗಂಟೆ

ಇಡೀ ಶಾಲೆ ಚಪ್ಪಾಳೆ ತಟ್ಟುವಾಗ ಕೈಕಟ್ಟಿ ನಿಲ್ಲುತ್ತಿದ್ದವರು ನಮ್ಮ ವಾಸುದೇವ ಮಾಸ್ಟ್ರೊಬ್ಬರೇ. ಉಡುಪಿ ಕಡೆಯವರು. ಬಂಗಾಳದ ಬೆಹಾಲಾದಲ್ಲಿ ಕಾಲುವೆ ಪಕ್ಕದ ಶಾಲೆಯಲ್ಲಿ ಭೂಗೋಳ ಪಾಠ, ಎದುರಿನ ನಮ್ಮಪ್ಪನ ಹೋಟೆಲಿನಲ್ಲಿ ಎರಡು ಹೊತ್ತಿನ ಊಟ. ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನಿರುತ್ತಿದ್ದರು, ಮಾತಿನಲ್ಲಿ ನಿಜ ಕಡಿಮೆಯಾದರೆ ಬಿಡುತ್ತಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ಸಿದ್ಧಮಾಡಿದ್ದನ್ನು ಅನ್ನ ಕಲಸುತ್ತಲೇ ಕೇಳಿ, "ಕಪ್ ಬರ್ತದೆ ಮಾರಾಯ್ತಿ. ಆದ್ರೆ ನೀನು ಹೇಳಿದ್ದು ನಿಜವಾ?" ಎನ್ನುತ್ತಿದ್ದರು.

ಬಾಂಗ್ಲಾ ಯುದ್ಧದ ಸಮಯದಲ್ಲಿ ಬಾಂಬಿನ ಭಯಕ್ಕೆ ಆ ಶಾಲೆಯಲ್ಲೊಂದು ಕವಾಯತು ಕಲಿಸಿದ್ದರು. ಉದ್ದ ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ಕೆಳಗಿಳಿದು ಮೆಟ್ಟಿಲ ಅಡಿಯಲ್ಲಿ ಕೂರಬೇಕು. ಯುದ್ಧ ಮುಗಿಯಿತು, ಕವಾಯತು ಉಳಿಯಿತು. ಬೆಂಕಿಗೂ ಅದೇ, ಭೂಕಂಪಕ್ಕೂ ಅದೇ, ನೆರೆಗೂ ಅದೇ. ವರ್ಷಕ್ಕೊಮ್ಮೆ ತನಿಖೆಯವರು ಬಂದು ಶಾಲೆ ಆಪತ್ತಿಗೆ ಎಷ್ಟು ಸಿದ್ಧವಾಗಿದೆ ಎಂದು ಅಳೆಯುತ್ತಿದ್ದರು. ಅಳೆದದ್ದೇನನ್ನು? ಮಕ್ಕಳು ಎಷ್ಟು ಬೇಗ ಇಳಿದರು ಎಂಬುದನ್ನು. ಆಮೇಲೆ 'ಅತ್ಯುತ್ತಮ', ಚಪ್ಪಾಳೆ, ರಸಗುಲ್ಲ.

ಒಂದು ವರ್ಷ ಮಾಸ್ಟ್ರು ನೇರ ಕೇಳಿಯೇಬಿಟ್ಟರಂತೆ, ನೀರು ಬಂದರೂ ಕೆಳಗೇ ಇಳಿಯಬೇಕೇ ಎಂದು. ತನಿಖಾಧಿಕಾರಿ ನಕ್ಕು, "ಮಾಸ್ಟರ್‌ಮೊಶಾಯ್, ಒಂದೊಂದಕ್ಕೆ ಒಂದೊಂದು ಗಂಟೆ ಮಾಡಿದರೆ ಮಕ್ಕಳಿಗೆ ಗೊಂದಲ" ಎಂದರಂತೆ.

"ಬೆಹಾಲಾದಲ್ಲಿ ಬಾಂಬು ಬಿದ್ದದ್ದು ನೋಡಿದ್ದೀಯಾ ನೀನು?" ಎಂದು ಅಂದು ಊಟಕ್ಕೆ ಕೂತು ನನ್ನನ್ನು ಕೇಳಿದರು. "ನೀರಾದ್ರೆ ಪ್ರತಿ ಮಳೆಗಾಲ ಚಪ್ಪಲಿ ತೇಲಿಸಿಕೊಂಡು ಹೋಗ್ತದೆ. ಗಂಟೆ ಕೇಳಿದ್ರೆ ಈ ಮಕ್ಕಳ ಕಾಲು ತಾನಾಗಿ ಇಳೀತದೆ. ನನಗೆ ಹೆದರಿಕೆ ಅದೇ."

ಎಪ್ಪತ್ತರ ದಶಕ ಮುಗಿಯುತ್ತ ಬಂದ ಒಂದು ಮಳೆಗಾಲ, ದುರ್ಗಾಪೂಜೆಗೆ ಸ್ವಲ್ಪ ಮುಂಚೆ, ಪಾಠ ನಡೆಯುತ್ತಿರುವಾಗಲೇ ಕಾಲುವೆ ಕಡೆಯ ಗೋಡೆ ಕುಸಿದು ನೀರು ನುಗ್ಗಿತು. ಹೆಡ್‌ಮಾಸ್ಟರು ಉದ್ದ ಗಂಟೆ ಹೊಡೆಸಿದರು. ಮಹಡಿಯ ಮಕ್ಕಳು ಸಾಲಾಗಿ ಇಳಿಯತೊಡಗಿದರು. ಮಾಸ್ಟ್ರು ಮೆಟ್ಟಿಲಿಗೆ ಅಡ್ಡ ನಿಂತು, ಕೂಗಿ, ಹೊಡೆದು, ಅವರನ್ನು ಹಿಂದಕ್ಕೆ ತಳ್ಳಿದರು. ಆದರೆ ಮೂರನೇ ತರಗತಿಯ ಜುಮಾ ಅಷ್ಟರಲ್ಲಿ ಇಳಿದಾಗಿತ್ತು. ನೀರು ತಗ್ಗಿದ ಮೇಲೆ ಅವಳು ಸಿಕ್ಕಿದ್ದು ಮೆಟ್ಟಿಲ ಅಡಿಯಲ್ಲಿ.

ಮಕ್ಕಳು ಶಿಸ್ತಿನಿಂದ ವರ್ತಿಸಿದರೆಂದು ತನಿಖೆಯವರು ವರದಿ ಬರೆದರು. ಮಾಸ್ಟ್ರು ಊಟಕ್ಕೆ ಕೂತಾಗ ನಾನು ತಡೆಯಲಾರದೆ ಹೇಳಿದೆ, "ಪೇಪರಿಗೆ ಬರೆಯುವ, ಮಾಸ್ಟ್ರೇ. ಅವರ ಒಂದು ಮಾತೂ ನಿಲ್ಲದ ಹಾಗೆ ಮಾಡ್ತೇನೆ."

"ಮಾಡು. ಗೆಲ್ತಿ ನೀನು." ಎಲೆಯ ಮೇಲಿನ ಅನ್ನ ಹಾಗೇ ಇತ್ತು. "ಜುಮಾನ ಅಮ್ಮ ಬಂದಿದ್ದಳು. ಹುಡುಗಿ ನಿಮ್ಮ ಮಾತು ಕೇಳ್ಲಿಲ್ವಾ, ಅದಕ್ಕೇ ಹೀಗಾಯ್ತಾ ಅಂತ ಕೇಳಿದ್ಲು."

"ನೀವು ಎಂತ ಹೇಳಿದ್ರಿ?"

"ಎಂತ ಹೇಳುದು? ಮಾತು ಕೇಳಿದ್ದಕ್ಕೇ ಅಲ್ವಾ ಸತ್ತದ್ದು. ನಾನು ಸುಮ್ಮನೆ ನಿಂತದ್ದು ನೋಡಿ, ಹೌದು ಅಂತ ತಿಳ್ಕೊಂಡು ಹೋದಳು."

ಪೂಜೆಯ ರಜೆಗೆ ಊರಿಗೆ ಹೋದ ಮಾಸ್ಟ್ರು ಮರಳಲಿಲ್ಲ. ಶಾಲೆ ಮತ್ತೆ ತೆರೆದ ದಿನ ನಾನು ಹೋಟೆಲಿನ ಬಾಗಿಲಲ್ಲಿ ನಿಂತಿದ್ದೆ. ಜುಮಾಳ ತಾಯಿ ಚಿಕ್ಕ ಮಗಳನ್ನು ಗೇಟಿನವರೆಗೆ ಕರೆತಂದಳು. ಬಗ್ಗಿ ಅವಳ ರಿಬ್ಬನ್ ಬಿಗಿಮಾಡುತ್ತ ಬಂಗಾಳಿಯಲ್ಲಿ ಹೇಳಿದಳು: "ಅಕ್ಕನ ಹಾಗೆ ಮಾಡಬೇಡ. ಮಾಸ್ಟರು ಹೇಳಿದ ಹಾಗೆ ಕೇಳು."