ಎಂಟನೇ ಬೆಡ್ಡಿನ ಸೂಜಿ

ಕಳೆದ ವಾರ ನಮ್ಮತ್ತೆ ಒಂದು ಫ್ಯಾನ್ ಬಿಟ್ಟುಕೊಟ್ಟು ಸಾಯುವುದರಲ್ಲಿದ್ದಳು. ಸುಳ್ಳಲ್ಲ, ಕೇಳಿ.

ತೆಕ್ಕಲಕೋಟೆಯ ಅತ್ತೆಗೆ ಜ್ವರ ಇಳಿಯಲಿಲ್ಲವೆಂದು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆ. (ಹೆಸರು ಬೇಡ. ನಾಳೆ ನಾನೂ ಅಲ್ಲಿಗೇ ಹೋಗಬೇಕಾದೀತು.) ಜನರಲ್ ವಾರ್ಡ್, ಏಳನೇ ಬೆಡ್. ಆ ಸಾಲಿನಲ್ಲಿ ನೆಟ್ಟಗೆ ತಿರುಗುವ ಫ್ಯಾನ್ ಇದ್ದದ್ದು ಅದರ ಮೇಲೊಂದೇ. ಪಕ್ಕದ ಎಂಟರಲ್ಲಿ ಕುರುಗೋಡಿನ ಹುಲಿಗೆಮ್ಮ. ಶುಗರ್‌ನಿಂದ ಕಾಲು ಹುಣ್ಣಾಗಿತ್ತು. ನಮ್ಮೂರ ಬಿಸಿಲು ಗೊತ್ತಲ್ಲ, ಆಕೆ ಬೆವೆತು ಒದ್ದಾಡುತ್ತಿದ್ದಳು.

"ಬಾ ಯವ್ವಾ, ನೀ ಇಲ್ಲಿ ಮಲಕ್ಕ. ನಂಗ ಹೆಂಗೂ ಚಳಿ ಬರಾಕತ್ತೈತಿ" ಎಂದು ಅತ್ತೆ ಬೆಡ್ ಬದಲಿಸಿಯೇಬಿಟ್ಟಳು. ನಮ್ಮ ಕಡೆ ಇದಕ್ಕೆಲ್ಲ ಯಾರೂ ಪರ್ಮಿಷನ್ ಕೇಳುವುದಿಲ್ಲ. ಸಿರುಗುಪ್ಪ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ.

ಮಧ್ಯಾಹ್ನ ಊಟಕ್ಕೆ ಮುಂಚೆ ನಾನು ಎಳನೀರು ತರಲು ಹೋಗಿದ್ದಾಗ ಸಿಸ್ಟರ್ ಬಂದಳು. "ಎಂಟನೇ ಬೆಡ್!" ಅತ್ತೆ ತೋಳು ಚಾಚಿದಳು. ಇನ್ಸುಲಿನ್ ಒಳಗೆ ಹೋಯಿತು. ಶುಗರ್ ಇಲ್ಲದ, ಬೆಳಗಿನಿಂದ ಏನೂ ತಿನ್ನದ ಹೆಂಗಸಿಗೆ! ಹುಲಿಗೆಮ್ಮ ಫ್ಯಾನಿನಡಿ ಒಳ್ಳೆ ನಿದ್ದೆಯಲ್ಲಿದ್ದಳು. ಹೆಸರು ಕೇಳಲು ಎಷ್ಟು ಹೊತ್ತು ಬೇಕು ಹೇಳಿ?

ನಾನು ವಾಪಸ್ ಬರುವಷ್ಟರಲ್ಲಿ ಅತ್ತೆ ಗಡಗಡ ನಡುಗುತ್ತಿದ್ದಳು. ಮೈಯೆಲ್ಲ ಬೆವರು, ಮಾತು ತೊದಲು. ಕೂಗಿದೆ. ಡಾಕ್ಟರ್ ರೌಂಡ್ಸ್‌ನಲ್ಲಿದ್ದಾರಂತೆ. ನನ್ನ ಕೂಗಿಗೆ ಎದ್ದು ಕೂತು, ಆದದ್ದೇನೆಂದು ಗುರುತಿಸಿದ್ದು ಯಾರು ಗೊತ್ತೇ? ಹುಲಿಗೆಮ್ಮ.

"ಅಯ್ಯೋ, ನನ್ನ ಸೂಜಿ ಆಕೀಗೆ ಮಾಡ್ಯಾರಲ್ರೀ! ಲಗೂನ ಬಾಯಾಗ ಸಕ್ಕರಿ ಹಾಕ್ರಿ!"

ಎಲೆಯಡಿಕೆ ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಕೊಟ್ಟಳು. ಆಮೇಲೆ ಗ್ಲೂಕೋಸ್ ಬಂತು. ಅತ್ತೆ ಉಳಿದಳು.

"ಕೈಗೆ ಹೆಸರಿನ ಬ್ಯಾಂಡ್ ಯಾಕೆ ಕಟ್ಟಿಲ್ಲ?" ಎಂದು ಮ್ಯಾನೇಜರನ್ನು ಕೇಳಿದೆ. ಆತ ಡ್ರಾಯರ್ ಎಳೆದ. ತುಂಬ ಬ್ಯಾಂಡುಗಳು!

"ಅದಾವ್ರೀ ಸರ್. ಇನ್‌ಸ್ಪೆಕ್ಷನ್ ದಿನ ಎಲ್ಲಾರಿಗೂ ಕಟ್ತೀವಿ."

ಹೆಮ್ಮೆಯಿಂದ ಹೇಳಿದ, ಪುಣ್ಯಾತ್ಮ. ಅವನ ಹಿಂದಿನ ಗೋಡೆಯ ಮೇಲೆ 'ರೋಗಿಯ ಸುರಕ್ಷತೆಯೇ ನಮ್ಮ ಧ್ಯೇಯ' ಎಂದು ಫ್ರೇಮ್ ಹಾಕಿಸಿ ತೂಗುಬಿಟ್ಟಿದ್ದರು.

ಪಿತ್ತ ನೆತ್ತಿಗೇರಿತು. ಕೂಗಾಡಿದೆ. ಅದರ ಫಲವೂ ಸಿಕ್ಕಿತು ನೋಡಿ. ಮರುದಿನ ವಾರ್ಡಿನಲ್ಲಿ ಹೊಸ ಬೋರ್ಡು: 'ಬೆಡ್ ಬದಲಿಸಿಕೊಂಡರೆ ಆಸ್ಪತ್ರೆ ಹೊಣೆಯಲ್ಲ.' ರೋಗಿಗಳ ಕೈಗಳು ಮಾತ್ರ ಬೋಳುಬೋಳಾಗಿಯೇ ಇದ್ದವು.

ಓದಿ ಹೇಳಿದೆ. ಅತ್ತೆ ತಲೆತಗ್ಗಿಸಿದಳು. "ನಂದ ತಪ್ಪು ಬಿಡಪಾ. ನಾ ಜಾಗ ಬಿಡಬಾರದಿತ್ತು."

ಹೆಸರು ಕೇಳದವರದು ತಪ್ಪಲ್ಲ, ಗಾಳಿ ಬಿಟ್ಟುಕೊಟ್ಟವಳದೇ ತಪ್ಪು. ಸರಿ ತಾನೇ ಸ್ವಾಮಿ?